ಎರಡು ನಿಮಿಷ ಡೇಟಾ ಆನ್ ಮಾಡಿದ್ದಕ್ಕೆ ಇಷ್ಟು ದೊಡ್ಡ ಬಿಲ್ಲಾ?

ಪ್ರಶ್ನೆ: ನನ್ನ ಸ್ಮಾರ್ಟ್‌ಫೋನ್ ಹೆಚ್ಚಾಗಿ ಟೇಬಲ್ ಮೇಲೇ ಇರುತ್ತದೆ. ಕರೆ ಬಂದರೆ ಮಾತಾಡುತ್ತೇನೆ, ಅಷ್ಟೇ. ಮೊಬೈಲ್ ಡೇಟಾ ಬಹುತೇಕ ಆಫ್. ತಿಂಗಳಿಗೊಮ್ಮೆ ವೈಫೈಗೆ ಹಾಕಿ ಮೆಸೇಜ್ ನೋಡುತ್ತೇನೆ. ಡೇಟಾ ಪ್ಯಾಕ್ ಇಲ್ಲ, ಬಳಸಿದಷ್ಟಕ್ಕೆ ದುಡ್ಡು ಕೊಡುವ ಪ್ಲಾನ್. ಕಳೆದ ತಿಂಗಳು ದಾರಿ ತಪ್ಪಿದಾಗ ಮ್ಯಾಪ್ ನೋಡಲು ಎರಡು ನಿಮಿಷ ಡೇಟಾ ಆನ್ ಮಾಡಿದ್ದೆ. ಬಿಲ್ಲಿನಲ್ಲಿ ಆ ದಿನದ ಲೆಕ್ಕ 340 ಎಂಬಿ! ಮರುದಿನ ತಲಾ 100 ಕೆಬಿಯ ಹತ್ತಾರು ಸಾಲುಗಳಿವೆ. ಒಂದು ಸಾಲು ಬೆಳಗಿನ ಜಾವ 3 ಗಂಟೆಯದು. ಆಗ ನಾನು ಗಾಢ ನಿದ್ದೆಯಲ್ಲಿದ್ದೆ. ಕಸ್ಟಮರ್ ಕೇರ್‌ನವರು "ನಿಮ್ಮ ಫೋನಿಂದಲೇ ಹೋಗಿದೆ" ಎನ್ನುತ್ತಾರೆ. ನಾನು ಬಳಸೇ ಇಲ್ಲ. ಯಾರ ಮಾತು ನಿಜ?

ಉತ್ತರ: ಇಬ್ಬರ ಮಾತೂ ನಿಜ. ನೀವು ಬಳಸಿಲ್ಲ, ನಿಮ್ಮ ಫೋನ್ ಬಳಸಿದೆ. ಬಿಲ್ ಹಾಕುವ ಯಂತ್ರಕ್ಕೆ ಇವೆರಡೂ ಒಂದೇ. ಪರದೆ ಮೇಲೆ ನಿಮ್ಮ ಬೆರಳಿತ್ತೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಎಷ್ಟು ಬೈಟ್ ಹೋಯಿತು, ಎಷ್ಟು ಬಂತು ಅಂತ ಎಣಿಸುತ್ತದೆ. ಹಾಗಂತ "ನಿಮ್ಮ ಫೋನಿಂದಲೇ ಹೋಗಿದೆ" ಎಂದು ಹೇಳಿ ಕರೆ ಮುಗಿಸಿದರೆ ನಿಮಗೆ ಏನೂ ಗೊತ್ತಾದ ಹಾಗಾಗಲಿಲ್ಲ, ಅಲ್ವಾ? ನಿಮ್ಮ ಬಿಲ್ಲಿನಲ್ಲಿ ಮೂರು ಬೇರೆ ಬೇರೆ ಗಂಟುಗಳಿವೆ. ಒಂದೊಂದಾಗಿ ಬಿಡಿಸೋಣ.

ಮೊದಲು ಆ 340 ಎಂಬಿ. ಎರಡೇ ನಿಮಿಷದಲ್ಲಿ ಅಷ್ಟು ಹೋಗುತ್ತದಾ? ಹೋಗುತ್ತದೆ. ಲೆಕ್ಕ ಹಾಕಿ ನೋಡಿ. 340 ಎಂಬಿಯನ್ನು 120 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 2.8 ಎಂಬಿ ಬಂತು. ಒಂದು ಬೈಟ್ ಅಂದರೆ 8 ಬಿಟ್. ಹಾಗಾಗಿ ಕಂಪನಿಗಳು ವೇಗ ಹೇಳುವ ಲೆಕ್ಕದಲ್ಲಿ ಇದು 23 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಆಸುಪಾಸು. ಸಿಗ್ನಲ್ ಚೆನ್ನಾಗಿದ್ದರೆ 4ಜಿಗೆ ಇದೇನೂ ದೊಡ್ಡ ಓಟವಲ್ಲ. ನಲ್ಲಿ ಅಷ್ಟು ದಪ್ಪ ಇದೆ ಅಂತಾಯಿತು. ಆದರೆ ನೀರು ಎಳೆದುಕೊಂಡವರು ಯಾರು?

ಇಲ್ಲಿ ಬಹಳ ಜನ ಎಡವುತ್ತಾರೆ. ಅಪರೂಪಕ್ಕೆ ನೆಟ್‌ಗೆ ಹಾಕುವ ಫೋನಿಗೆ ಖರ್ಚೂ ಅಪರೂಪ ಎಂದು ಅವರ ಎಣಿಕೆ. ಹಾಗಲ್ಲ. ದಿನವಿಡೀ ನೆಟ್‌ನಲ್ಲಿರುವ ಫೋನ್ ತನ್ನ ಕೆಲಸಗಳನ್ನು ಸ್ವಲ್ಪ ಸ್ವಲ್ಪವಾಗಿ, ಅದೂ ಹೆಚ್ಚಾಗಿ ವೈಫೈನಲ್ಲಿ, ಮುಗಿಸಿಕೊಂಡಿರುತ್ತದೆ. ನಿಮ್ಮ ಫೋನಿಗೆ ಆ ಅವಕಾಶವೇ ಸಿಕ್ಕಿಲ್ಲ. ಒಂದು ತಿಂಗಳ ಕೆಲಸ ಒಳಗೆ ಸಾಲಾಗಿ ನಿಂತಿದೆ. ಡೇಟಾ ಆನ್ ಆಗುತ್ತಿದ್ದ ಹಾಗೆ ಹಸಿದವನ ಮುಂದೆ ತಟ್ಟೆ ಇಟ್ಟಂತೆ ಎಲ್ಲವೂ ಒಟ್ಟಿಗೆ ಮುಗಿಬೀಳುತ್ತವೆ. ಮ್ಯಾಪ್ ತೆರೆದಿದ್ದು ನಿಮಗೆ ಕಂಡಿತು. ಅದರ ಹಿಂದೆ ಓಡಿದ್ದು ಕಾಣಲಿಲ್ಲ.

ಏನೇನು ಓಡುತ್ತದೆ ಅಂತ ಹತ್ತಿರದಿಂದ ನೋಡೋಣ. ಆ್ಯಂಡ್ರಾಯ್ಡ್ ಫೋನ್ ಆದರೆ ಮೊದಲು ಒಂದು ಖಾಲಿ ಪುಟವನ್ನು ಕೇಳುತ್ತದೆ. ಆ ಕಡೆಯ ಸರ್ವರ್ "204" ಎಂಬ ಕೋಡ್ ಕೊಡುತ್ತದೆ. ಅಂದರೆ "ಕೊಡಲು ಏನೂ ಇಲ್ಲ, ಆದರೆ ನಾನಿದ್ದೇನೆ" ಅಂತ. ನೆಟ್ ನಿಜವಾಗಿ ಇದೆಯೋ ಇಲ್ಲವೋ ಎಂದು ಫೋನ್ ತಿಳಿದುಕೊಳ್ಳುವುದು ಹೀಗೆ. ಇದಕ್ಕೆ ಹಿಡಿಯುವುದು ಚೂರೇ ಚೂರು ಡೇಟಾ. ಆಮೇಲೆ ನೋಟಿಫಿಕೇಶನ್ ತರುವ ಕೊಂಡಿ ಏಳುತ್ತದೆ. ಅದು ಎದ್ದ ಕೂಡಲೇ ಪ್ರತಿ ಆ್ಯಪ್‌ಗೂ "ನಿನಗೆ ಬಂದಿದ್ದು ಇಷ್ಟಿದೆ" ಎಂಬ ಸುದ್ದಿ ಮುಟ್ಟುತ್ತದೆ. ಮೇಲ್ ಎಳೆಯುವ ಆ್ಯಪ್ ಎದ್ದಿತು. ಕ್ಯಾಲೆಂಡರ್ ಎದ್ದಿತು. ಆ್ಯಪ್ ಸ್ಟೋರ್ ತನ್ನ ಅಪ್‌ಡೇಟ್ ಪಟ್ಟಿ ತೆಗೆಯಿತು.

ದೊಡ್ಡ ತುತ್ತು ಸಾಮಾನ್ಯವಾಗಿ ಮೆಸೇಜ್ ಆ್ಯಪ್‌ಗಳದ್ದು. ವಾಟ್ಸ್ಯಾಪ್‌ನ್ನೇ ತೆಗೆದುಕೊಳ್ಳಿ. ನಿಮಗೆ ತಲುಪದ ಮೆಸೇಜುಗಳನ್ನು ಅದರ ಸರ್ವರ್ 30 ದಿನದವರೆಗೆ ಇಟ್ಟುಕೊಂಡು ಕಾಯುತ್ತದೆ. ನೀವು ತಿಂಗಳಿಗೊಮ್ಮೆ ನೋಡುವವರು. ಅಂದರೆ ಹೆಚ್ಚುಕಡಿಮೆ ಇಡೀ ತಿಂಗಳ ರಾಶಿ ಅಲ್ಲಿ ಕಾದು ಕೂತಿರುತ್ತದೆ. ಮೊಬೈಲ್ ಡೇಟಾದಲ್ಲಿದ್ದಾಗಲೂ ಫೋಟೋಗಳು ತಾವಾಗಿಯೇ ಇಳಿಯುವ ಹಾಗೆ ಆ ಆ್ಯಪ್ ಮೊದಲಿನಿಂದಲೇ ಹೊಂದಿಕೊಂಡು ಬರುತ್ತದೆ. ನೀವು ಎರಡು ಮೂರು ಗುಂಪುಗಳಲ್ಲಿ ಇದ್ದರೂ ಸಾಕು, "ಶುಭೋದಯ"ದ ಚಿತ್ರಗಳೇ ನೂರಾರು. ತಮಾಷೆ ಅಲ್ಲ, ನಾನು ನೋಡಿದ ಇಂಥ ದೂರುಗಳಲ್ಲಿ ಆ ಹೂವು, ಸೂರ್ಯ, ಸುಪ್ರಭಾತದ ಚಿತ್ರಗಳದ್ದು ದೊಡ್ಡ ಪಾಲು.

ಒಮ್ಮೆ ನಾನೇ ಇದನ್ನು ಪರೀಕ್ಷೆ ಮಾಡಿ ನೋಡಿದೆ. ಡ್ರಾಯರ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಹಳೆಯ ಫೋನ್ ಒಂದಿತ್ತು. ಚಾರ್ಜ್ ಮಾಡಿ, ಸಿಮ್ ಹಾಕಿ, ಡೇಟಾ ಆನ್ ಮಾಡಿ, ಮೇಜಿನ ಮೇಲೆ ಬೋರಲಾಗಿ ಇಟ್ಟೆ. ಒಂದೂ ಆ್ಯಪ್ ತೆರೆಯಲಿಲ್ಲ. ಮೊದಲ ಅರ್ಧ ನಿಮಿಷ ಸದ್ದೇ ಇಲ್ಲ. ಆಮೇಲೆ ಟಣ್ ಅಂತ ಒಂದು. ಮತ್ತೊಂದು. ಆಮೇಲೆ ಅದು ಮೇಜಿನ ಮೇಲೆ ನಡುಗುತ್ತಾ ಸರಿಯತೊಡಗಿತು. ಮೂರು ನಿಮಿಷಕ್ಕೆ ಡೇಟಾ ನಿಲ್ಲಿಸಿದೆ. ಹಿಂಬದಿ ಬಿಸಿಯಾಗಿತ್ತು. ಯಾವ ಆ್ಯಪ್ ಎಷ್ಟು ಬಳಸಿದೆ ಎಂಬ ಪಟ್ಟಿ ತೆರೆದರೆ ಮೊದಲ ಸ್ಥಾನದಲ್ಲಿ ಆ್ಯಪ್ ಸ್ಟೋರ್. ಯಾವತ್ತೋ "ಯಾವ ನೆಟ್‌ವರ್ಕ್ ಆದರೂ ಅಪ್‌ಡೇಟ್ ಮಾಡು" ಎಂದು ನಾನೇ ಒತ್ತಿ ಮರೆತಿದ್ದೆ. ಎರಡನೇ ಸ್ಥಾನದಲ್ಲಿ ಫೋಟೋಗಳನ್ನು ಮೇಲಕ್ಕೆ ಕಳಿಸುವ ಆ್ಯಪ್.

ಇದೇ ಪಟ್ಟಿಯನ್ನು ನೀವೂ ಈಗಲೇ ನೋಡಬೇಕು. ಯಾವ ಫೋನ್ ಅಂತ ಬರೆದಿಲ್ಲ, ಹಾಗಾಗಿ ಎರಡೂ ಬಗೆ ಹೇಳುತ್ತೇನೆ. ಆ್ಯಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಥವಾ ಸಿಮ್ ಎಂದಿರುವ ಕಡೆ ಹೋಗಿ "ಡೇಟಾ ಯೂಸೇಜ್" ತೆರೆಯಿರಿ. ಮೇಲೆ ತಾರೀಖಿನ ಅವಧಿ ಇರುತ್ತದೆ, ಅದನ್ನು ಹಿಂದಿನ ತಿಂಗಳಿಗೆ ಬದಲಿಸಿ. ಯಾವುದಾದರೂ ಆ್ಯಪ್ ಒತ್ತಿದರೆ ಅದು ನಿಮ್ಮ ಕಣ್ಣೆದುರು ಎಷ್ಟು ಬಳಸಿತು, ಬ್ಯಾಕ್‌ಗ್ರೌಂಡ್‌ನಲ್ಲಿ ಎಷ್ಟು ಬಳಸಿತು ಎಂದು ಬೇರೆ ಬೇರೆ ತೋರಿಸುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಎರಡನೇ ಅಂಕಿಯಲ್ಲಿ.

ಐಫೋನ್ ಆದರೆ ಒಂದು ಎಚ್ಚರ. ಅಲ್ಲಿ "ಕರೆಂಟ್ ಪೀರಿಯಡ್" ಎಂದಿರುವುದು ಈ ತಿಂಗಳಿನ ಲೆಕ್ಕ ಅಲ್ಲ. ಕೊನೆಯ ಸಲ ಲೆಕ್ಕವನ್ನು ಸೊನ್ನೆ ಮಾಡಿದ ದಿನದಿಂದ ಇವತ್ತಿನವರೆಗಿನದು. ಪುಟದ ಕೆಳತುದಿಯವರೆಗೆ ಹೋದರೆ ಆ ತಾರೀಖು ಸಿಗುತ್ತದೆ. ಯಾರೂ ಸೊನ್ನೆ ಮಾಡಿರದಿದ್ದರೆ ವರ್ಷಗಳ ಲೆಕ್ಕ ಸೇರಿಕೊಂಡಿರಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ.

ಇನ್ನು ಮರುದಿನದ 100 ಕೆಬಿ ಸಾಲುಗಳು. ಇವನ್ನು ನೋಡಿದ ಕೂಡಲೇ ನನಗೆ ನಿಮ್ಮ ಪತ್ರದ ಒಂದು ಪದ ಚುಚ್ಚಿತು: "ಬಹುತೇಕ". ಮ್ಯಾಪ್ ನೋಡಿದ ಮೇಲೆ ಡೇಟಾ ಆಫ್ ಮಾಡಿದಿರಾ? ಖಂಡಿತ? ಬೇಜಾರು ಮಾಡಿಕೊಳ್ಳಬೇಡಿ. ಡೇಟಾ ನಿಜವಾಗಿ ಆಫ್ ಇದ್ದರೆ ಇಂಥ ಸಾಲುಗಳು ಬೀಳುವುದಿಲ್ಲ. ಬಿದ್ದಿವೆ ಎಂದರೆ ಆಫ್ ಆಗಿರಲಿಲ್ಲ ಎಂದೇ ನನ್ನ ಅಂದಾಜು. ಇದು ಬರೀ ಮರೆವು ಅಂತಲೂ ಹೇಳಲಾರೆ. 2021ರಲ್ಲಿ ಬಂದ ಆ್ಯಂಡ್ರಾಯ್ಡ್ 12ರಿಂದ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಬರುವ ಬಟನ್‌ಗಳ ಪಟ್ಟಿಯಲ್ಲಿ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಸೇರಿಸಿ "ಇಂಟರ್ನೆಟ್" ಎಂಬ ಒಂದೇ ಬಟನ್ ಮಾಡಿದರು. ಎಲ್ಲ ತಯಾರಕರೂ ಅದನ್ನು ಹಾಗೇ ಉಳಿಸಿಕೊಂಡಿಲ್ಲ. ಆದರೆ ಅದಿರುವ ಫೋನಿನಲ್ಲಿ ಒಮ್ಮೆ ಒತ್ತಿದರೆ ಡೇಟಾ ಆಫ್ ಆಗುವುದಿಲ್ಲ, ಇನ್ನೊಂದು ಕಿಟಕಿ ತೆರೆಯುತ್ತದೆ. ಅಲ್ಲಿ ಮತ್ತೆ ಒತ್ತಬೇಕು. ಹಳೆಯ ಅಭ್ಯಾಸದಲ್ಲಿ ಒಂದೇ ಸಲ ಒತ್ತಿ ಜೇಬಿಗಿಟ್ಟರೆ ಮುಗೀತು.

ಫೋನಿನಲ್ಲಿ ಎರಡು ಸಿಮ್ ಇದ್ದರೆ ಇನ್ನೊಂದು ಬಾಗಿಲಿದೆ. ಡೇಟಾಕ್ಕೆ ಇಟ್ಟ ಸಿಮ್‌ನಲ್ಲಿ ಸಿಗ್ನಲ್ ಇಲ್ಲದಿದ್ದಾಗ, ಅಥವಾ ಇನ್ನೊಂದು ಸಿಮ್‌ನಲ್ಲಿ ನೀವು ಮಾತಾಡುತ್ತಿರುವಾಗ, ಡೇಟಾವನ್ನು ಆ ಇನ್ನೊಂದು ಸಿಮ್‌ಗೆ ತಾನಾಗಿ ದಾಟಿಸುವ ಸೌಲಭ್ಯ ಈಗಿನ ಹಲವು ಫೋನುಗಳಲ್ಲಿದೆ. ಎರಡರಲ್ಲಿ ಒಂದಕ್ಕೆ ಪ್ಯಾಕ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಇದು ಜೇಬಿಗೆ ಕತ್ತರಿ. "ಡೇಟಾ ಸ್ವಿಚಿಂಗ್" ಎಂದು ಎಲ್ಲಿ ಕಂಡರೂ ಆಫ್ ಮಾಡಿ.

ಸರಿ, ಡೇಟಾ ಆನ್ ಉಳಿದಿತ್ತು ಎಂದುಕೊಳ್ಳೋಣ. ದೊಡ್ಡ ಕೆಲಸಗಳೆಲ್ಲ ಹಿಂದಿನ ದಿನವೇ ಮುಗಿದಿವೆ. ಹಾಗಾದರೆ ಎಲ್ಲ ಸಾಲುಗಳೂ ಸರಿಯಾಗಿ 100 ಕೆಬಿ ಯಾಕೆ? ಫೋನ್ ಅಷ್ಟು ಅಚ್ಚುಕಟ್ಟಾಗಿ ಬಳಸುವುದಿಲ್ಲ ಅಲ್ವಾ? ಹೌದು, ಬಳಸುವುದಿಲ್ಲ. ಅದು ಬಳಕೆಯ ಅಂಕಿಯಲ್ಲ, ಬಿಲ್ಲಿನ ಅಂಕಿ.

ಹಲವು ಪ್ಲಾನ್‌ಗಳಲ್ಲಿ ಡೇಟಾಕ್ಕೆ ಒಂದು ಕನಿಷ್ಠ ಅಳತೆ ಇರುತ್ತದೆ. ಕೆಲವು ಕಡೆ 10 ಕೆಬಿ, ಕೆಲವು ಕಡೆ 100 ಕೆಬಿ, ಕೆಲವು ಕಡೆ ಇಡೀ 1 ಎಂಬಿ. ಒಂದು ಸಾಲಿನಲ್ಲಿ 1 ಕೆಬಿ ಹೋದರೂ ಅದನ್ನು ಮೇಲಿನ ಅಳತೆಗೆ ಏರಿಸಿ ಬರೆಯುತ್ತಾರೆ. ಈಗ ಲೆಕ್ಕ ನೋಡಿ. ನೋಟಿಫಿಕೇಶನ್ ಕೊಂಡಿ ಜೀವಂತ ಇದೆಯೋ ಇಲ್ಲವೋ ಎಂದು ಫೋನ್ ಆಗಾಗ ಸರ್ವರನ್ನು ಮುಟ್ಟಿ ನೋಡುತ್ತಿರುತ್ತದೆ. ಅದು ಅರ್ಧ ಗಂಟೆಗೊಮ್ಮೆ, ಪ್ರತಿ ಸಲ 1 ಕೆಬಿ ಎಂದಿಟ್ಟುಕೊಳ್ಳಿ. ದಿನಕ್ಕೆ 48 ಸಲ, ಅಂದರೆ 48 ಕೆಬಿ. ಪ್ರತಿಯೊಂದೂ ಬೇರೆ ಸಾಲಾಗಿ 100 ಕೆಬಿಗೆ ಏರಿದರೆ 4,800 ಕೆಬಿ. ನೂರು ಪಟ್ಟು! ಯಾರೂ ಸುಳ್ಳು ಹೇಳಿಲ್ಲ, ಯಾರೂ ಕದ್ದಿಲ್ಲ. ನಿಯಮಗಳ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಳತೆ ಬರೆದಿರುತ್ತಾರೆ. ದಿನವಿಡೀ ಡೇಟಾ ಬಳಸುವವರಿಗೆ ಇದು ತಟ್ಟುವುದೇ ಇಲ್ಲ, ದೊಡ್ಡ ಲೆಕ್ಕದಲ್ಲಿ ಮುಳುಗಿ ಹೋಗುತ್ತದೆ. ಏಟು ಬೀಳುವುದು ನಿಮ್ಮಂಥ ಕಡಿಮೆ ಬಳಸುವವರಿಗೇ. ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ.

ಪ್ರತಿ ಸಲ ಹೊಸ ಸಾಲು ಯಾಕೆ ಶುರುವಾಗುತ್ತದೆ ಎಂದೂ ತಿಳಿದಿರಲಿ. ಸಿಗ್ನಲ್ ಹೋಗಿ ಮತ್ತೆ ಬಂದರೆ ಹೊಸ ಸಾಲು. 4ಜಿಯಿಂದ 3ಜಿಗೋ 2ಜಿಗೋ ಇಳಿದರೆ ಹೊಸ ಸಾಲು ಬೀಳಬಹುದು. ಏನೂ ಆಗದಿದ್ದರೂ "ಇಷ್ಟು ಹೊತ್ತಾಯಿತು" ಎಂದು ಕಂಪನಿಯ ಯಂತ್ರವೇ ಹಳೆಯ ಸಾಲು ಮುಚ್ಚಿ ಹೊಸದು ತೆರೆಯುತ್ತದೆ. ನಿಮ್ಮ ಟೇಬಲ್ ಇರುವ ಮೂಲೆಯಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತಿದ್ದರೆ ಸಾಲುಗಳ ಸಂಖ್ಯೆ ಜಾಸ್ತಿಯಾಗುವುದು ಸಹಜ.

ಇದರ ಅಣ್ಣನಂಥ ಇನ್ನೊಂದು ನಿಯಮ ಇದೆ. ಕೆಲವು ಪ್ಲಾನ್‌ಗಳಲ್ಲಿ, ಮುಖ್ಯವಾಗಿ ಬೇರೆ ದೇಶಕ್ಕೆ ಹೋದಾಗಿನ ರೋಮಿಂಗ್‌ನಲ್ಲಿ, ದಿನದ ಮೊದಲ ಬೈಟ್ ಹೋದ ಕೂಡಲೇ ಇಡೀ ದಿನದ ಶುಲ್ಕ ಬೀಳುತ್ತದೆ. ನೆಟ್ ಇದೆಯೋ ಎಂದು ನೋಡಲು ಫೋನ್ ಕೇಳುವ ಆ ಖಾಲಿ ಪುಟವೇ ಸಾಕು.

ಬೆಳಗಿನ ಜಾವ 3 ಗಂಟೆಯ ಸಾಲು ಎಲ್ಲಕ್ಕಿಂತ ಜಾಸ್ತಿ ಹೆದರಿಸುತ್ತದೆ. ಆದರೆ ಮೂರರಲ್ಲಿ ಅದೇ ಸುಲಭದ್ದು. ಎರಡು ಕಾರಣ ಇರಬಹುದು. ಒಂದು, ಅದು ಬಳಸಿದ ಹೊತ್ತೇ ಅಲ್ಲ, ಯಂತ್ರ ಲೆಕ್ಕ ಮುಚ್ಚಿದ ಹೊತ್ತು. ಎರಡು, ಫೋನ್ ಆಗಲೇ ಎದ್ದು ಕೆಲಸ ಮಾಡಿದೆ. 2015ರ ಆ್ಯಂಡ್ರಾಯ್ಡ್ 6ರಿಂದ "ಡೋಜ್" ಎಂಬ ವ್ಯವಸ್ಥೆ ಇದೆ. ಅಲುಗದೆ ಬಿದ್ದಿರುವ ಫೋನ್ ಬ್ಯಾಟರಿ ಉಳಿಸಲು ತೂಕಡಿಸುತ್ತದೆ. ಆ್ಯಪ್‌ಗಳ ಕೆಲಸಗಳನ್ನು ತಡೆದು ಒಟ್ಟು ಮಾಡಿಟ್ಟುಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಕಣ್ಣು ಬಿಟ್ಟು ಎಲ್ಲವನ್ನೂ ಒಂದೇ ಏಟಿಗೆ ಮುಗಿಸಿ ಮತ್ತೆ ಮಲಗುತ್ತದೆ. ನೀವು ಮಲಗಿದ್ದಾಗಲೇ ಅದು ಎದ್ದಿದ್ದರೆ ಅಚ್ಚರಿಯೇನಿಲ್ಲ.

ನಿಮ್ಮ ಪತ್ರದಲ್ಲಿಲ್ಲದ, ಆದರೆ ಇಂಥ ಫೋನ್‌ಗಳಲ್ಲಿ ಕಾಣುವ ಒಂದೆರಡು ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ಎಂಎಂಎಸ್, ಅಂದರೆ ಫೋಟೋ ಸೇರಿಸಿ ಕಳಿಸುವ ಎಸ್ಎಂಎಸ್‌ನಂಥ ಮೆಸೇಜ್, ಮೊಬೈಲ್ ನೆಟ್‌ವರ್ಕ್ ಮೇಲೇ ಹೋಗುತ್ತದೆ. ಕೆಲವು ಫೋನುಗಳಲ್ಲಿ ಡೇಟಾ ಆಫ್ ಇದ್ದರೂ ಎಂಎಂಎಸ್ ಬಿಡುವ ಸೆಟ್ಟಿಂಗ್ ಇದೆ. ಐಫೋನ್‌ನಲ್ಲಿ ಐಮೆಸೇಜ್ (ಆ್ಯಪಲ್‌ನದೇ ಮೆಸೇಜ್ ಸೇವೆ) ಆನ್ ಮಾಡುವಾಗ ನಂಬರ್ ಖಚಿತ ಮಾಡಿಕೊಳ್ಳಲು ಒಂದು ಎಸ್ಎಂಎಸ್ ತಾನಾಗಿ ಹೋಗುತ್ತದೆ, ಅದಕ್ಕೆ ಕಂಪನಿ ದುಡ್ಡು ಹಾಕಬಹುದು. ನೀವು ಕಳಿಸದ ಎಸ್ಎಂಎಸ್ ಬಿಲ್ಲಿನಲ್ಲಿ ಕಂಡರೆ ಇದನ್ನು ನೆನಪಿಡಿ. ಮತ್ತೆ, 2015ರ ಐಓಎಸ್ 9ರಿಂದ ಐಫೋನ್‌ನಲ್ಲಿ "ವೈಫೈ ಅಸಿಸ್ಟ್" ಇದೆ. ವೈಫೈ ಕುಂಟಿದರೆ ಮೊಬೈಲ್ ಡೇಟಾ ಹಿಡಿದುಕೊಳ್ಳುತ್ತದೆ. ಕೊಂಡಾಗಲೇ ಆನ್ ಇರುತ್ತದೆ. ಡೇಟಾ ಆಫ್ ಇದ್ದರೆ ಇದರ ಆಟ ನಡೆಯುವುದಿಲ್ಲ, ಆದರೆ ಸುಮ್ನೆ ಯಾಕೆ, ಆಫ್ ಮಾಡಿಬಿಡಿ.

ಮುಂದೆ ಏನು ಮಾಡಬೇಕು? ಎಲ್ಲಕ್ಕಿಂತ ಗಟ್ಟಿ ದಾರಿ ಫೋನಿನಲ್ಲಿಲ್ಲ, ಕಂಪನಿಯಲ್ಲಿದೆ. "ನನ್ನ ನಂಬರ್‌ಗೆ ಮೊಬೈಲ್ ಡೇಟಾವನ್ನೇ ಬಂದ್ ಮಾಡಿ" ಎಂದು ಕೇಳಿ. ನೆಟ್‌ವರ್ಕ್ ಕಡೆಯಿಂದಲೇ ಬಾಗಿಲು ಮುಚ್ಚಿದರೆ ನೀವು ತಪ್ಪಿ ಒತ್ತಿದರೂ, ಫೋನ್ ಬದಲಿಸಿದರೂ, ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಸೆಟ್ಟಿಂಗ್ ಬದಲಾದರೂ ಒಂದು ಬೈಟ್ ದಾಟುವುದಿಲ್ಲ. ಹಳೆಯ ಒಂದು ಉಪಾಯವನ್ನು ಈಗಲೂ ಕೆಲವರು ಹೇಳುತ್ತಾರೆ: ಎಪಿಎನ್, ಅಂದರೆ ಫೋನ್ ಯಾವ ಬಾಗಿಲಿನಿಂದ ನೆಟ್‌ಗೆ ಹೋಗಬೇಕು ಎಂದು ಹೇಳುವ ಸೆಟ್ಟಿಂಗ್, ಅದರ ಹೆಸರನ್ನು ಬೇಕಂತಲೇ ತಪ್ಪು ಬರೆದು ಬಿಡುವುದು. 3ಜಿ ಕಾಲಕ್ಕೆ ಅದು ಚೆನ್ನಾಗಿತ್ತು. 4ಜಿಯಲ್ಲಿ ಫೋನ್ ನೆಟ್‌ವರ್ಕ್‌ಗೆ ಸೇರುವಾಗಲೇ ಒಂದು ಡೇಟಾ ಕೊಂಡಿಯೂ ಏರ್ಪಡುತ್ತದೆ. ನೀವು ಕೊಟ್ಟ ಹೆಸರನ್ನು ಬಿಟ್ಟು ನೆಟ್‌ವರ್ಕ್ ತನ್ನದೇ ಹೆಸರು ಕೊಡುವುದೂ ಉಂಟು. ಹಾಗಾಗಿ ನಾನು ಅದನ್ನು ನಂಬುವುದಿಲ್ಲ.

ಆದರೆ ನಿಮಗೆ ಆಗಾಗ ಎರಡು ನಿಮಿಷದ ಡೇಟಾ ಬೇಕು. ಪೂರ್ತಿ ಬಂದ್ ಮಾಡಿಸಿದರೆ ಆಗದು. ಹಾಗಿದ್ದರೆ ಫೋನನ್ನು ಹಸಿದುಕೊಂಡು ಹೊರಗೆ ಕಳಿಸಬೇಡಿ. ಹೊರಡುವ ಹಿಂದಿನ ರಾತ್ರಿ ಚಾರ್ಜ್‌ಗೆ ಹಾಕಿ ವೈಫೈ ಆನ್ ಮಾಡಿ ಬಿಟ್ಟುಬಿಡಿ. ಬರೀ ಹತ್ತು ನಿಮಿಷ ಅಲ್ಲ, ಬೆಳಗಿನವರೆಗೆ. ಬಹಳಷ್ಟು ಅಪ್‌ಡೇಟ್‌ಗಳು ಫೋನ್ ಚಾರ್ಜ್‌ನಲ್ಲಿದ್ದು ಯಾರೂ ಮುಟ್ಟದೆ ಇದ್ದಾಗಲೇ ನಡೆಯುವುದು. ಹೊಟ್ಟೆ ತುಂಬಿದ ಫೋನ್ ಮರುದಿನ ದಾರಿಯಲ್ಲಿ ಎರಡು ನಿಮಿಷಕ್ಕೆ ಅಷ್ಟೇನೂ ತಿನ್ನುವುದಿಲ್ಲ.

ಅದೇ ರಾತ್ರಿ ಹೋಗುವ ಜಾಗದ ಮ್ಯಾಪನ್ನೂ ಇಳಿಸಿಟ್ಟುಕೊಳ್ಳಿ. ಜಿಪಿಎಸ್‌ಗೆ ಡೇಟಾ ಬೇಕಿಲ್ಲ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀವು ಎಲ್ಲಿದ್ದೀರಿ ಎಂಬುದನ್ನು ಫೋನ್ ಉಪಗ್ರಹದ ಸಿಗ್ನಲ್ ಕೇಳಿ ತಾನೇ ಲೆಕ್ಕ ಹಾಕುತ್ತದೆ. ಡೇಟಾ ಬೇಕಾಗಿರುವುದು ಮ್ಯಾಪಿನ ಚಿತ್ರ ಎಳೆಯಲು. ನೆಟ್ ಇದ್ದರೆ ಉಪಗ್ರಹಗಳ ವಿವರ ಬೇಗ ಸಿಗುತ್ತದೆ, ಅಷ್ಟೇ ಅನುಕೂಲ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಪ್ರತಿ ಉಪಗ್ರಹ ತಾನೆಲ್ಲಿದ್ದೇನೆ ಎಂಬ ವಿವರವನ್ನು 30 ಸೆಕೆಂಡಿಗೊಮ್ಮೆ ಸಾರುತ್ತದೆ. ಬಯಲಲ್ಲಿ ನಿಂತು ಒಂದೆರಡು ನಿಮಿಷ ತಾಳ್ಮೆ ಇಟ್ಟರೆ ಸಾಕು.

ಇದರ ಜೊತೆ ಆ್ಯಂಡ್ರಾಯ್ಡ್‌ನಲ್ಲಿ "ಡೇಟಾ ಸೇವರ್" ಆನ್ ಮಾಡಿ, ಮ್ಯಾಪ್ ಒಂದನ್ನು ಮಾತ್ರ ಅದರಿಂದ ಹೊರಗಿಡಿ. ಆಗ ಬ್ಯಾಕ್‌ಗ್ರೌಂಡ್‌ನವರ ಬಾಯಿಗೆ ಬೀಗ. ಡೇಟಾ ಲಿಮಿಟ್ ಎಂಬಲ್ಲಿ ಒಂದು ಸಣ್ಣ ಅಂಕಿ ಹಾಕಿದರೆ ಅಲ್ಲಿಗೆ ಮುಟ್ಟಿದ ಮೇಲೆ ಫೋನೇ ಡೇಟಾ ನಿಲ್ಲಿಸುತ್ತದೆ. ಫೋನಿನ ಎಣಿಕೆಗೂ ಕಂಪನಿಯ ಎಣಿಕೆಗೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ಹಾಗಾಗಿ ಅಂಚಿಗೆ ತಂದು ಇಡಬೇಡಿ. ಐಫೋನ್‌ನಲ್ಲಿ ಹೀಗೆ ಕಡಿದು ಹಾಕುವ ಮಿತಿ ಇಲ್ಲ. ಅಲ್ಲಿ ಸೆಲ್ಯುಲರ್ ಪುಟಕ್ಕೆ ಹೋಗಿ ಮ್ಯಾಪ್ ಬಿಟ್ಟು ಉಳಿದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಆಫ್ ಮಾಡಬೇಕು. ಬೇಜಾರಿನ ಕೆಲಸ, ಆದರೆ ಒಂದೇ ಸಲದ್ದು.

ಕೊನೆಗೆ, ಹೋದ ದುಡ್ಡು. ಕಸ್ಟಮರ್ ಕೇರ್‌ಗೆ ಕರೆ ಮಾಡಿ ವಾದ ಮಾಡಬೇಡಿ, ಬರೆದು ಕೇಳಿ. "ನಾನು ಬಳಸಿಲ್ಲ" ಎಂದು ಬರೆದರೆ ಅದೇ ಸಿದ್ಧ ಉತ್ತರ ಬರುತ್ತದೆ. ವಿವರ ಕೇಳಿ. ಪ್ರತಿ ಸಾಲು ಶುರುವಾದ ಹೊತ್ತು ಮತ್ತು ಮುಗಿದ ಹೊತ್ತು. ಏರಿಸುವ ಮೊದಲಿನ ನಿಜವಾದ ಬಳಕೆ. ಮೇಲಕ್ಕೆ ಹೋಗಿದ್ದೆಷ್ಟು (ಅಪ್‌ಲೋಡ್), ಕೆಳಕ್ಕೆ ಬಂದಿದ್ದೆಷ್ಟು (ಡೌನ್‌ಲೋಡ್). ಯಾವ ಎಪಿಎನ್. ಯಾವ ಐಎಂಇಐ.

ಇವುಗಳಲ್ಲಿ ಎರಡು ಬಹಳ ಮುಖ್ಯ. ಮೇಲಕ್ಕೆ ಹೋಗಿದ್ದು ಜಾಸ್ತಿ ಇದ್ದರೆ ಅದು ಫೋಟೋ ಬ್ಯಾಕಪ್ ಎಂದು ಹೆಚ್ಚುಕಡಿಮೆ ಕಣ್ಣು ಮುಚ್ಚಿ ಹೇಳಬಹುದು. ಕೆಳಕ್ಕೆ ಬಂದಿದ್ದು ಜಾಸ್ತಿ ಇದ್ದರೆ ಅಪ್‌ಡೇಟ್ ಅಥವಾ ಗುಂಪಿನ ಚಿತ್ರಗಳು. ಐಎಂಇಐ ಅಂದರೆ ಫೋನಿನ 15 ಅಂಕಿಯ ಗುರುತು. ನಿಮ್ಮ ಫೋನಿನಲ್ಲಿ *#06# ಒತ್ತಿದರೆ ಪರದೆ ಮೇಲೆ ಬರುತ್ತದೆ. ಎರಡು ಸಿಮ್ ಜಾಗ ಇದ್ದರೆ ಎರಡು ಐಎಂಇಐ ಬರುತ್ತವೆ. ಕಂಪನಿ ಕೊಟ್ಟ ಐಎಂಇಐ ಅದರಲ್ಲಿ ಒಂದಕ್ಕೆ ಹೊಂದಿದರೆ ಬಳಸಿದ್ದು ಈ ಫೋನೇ. ಕೊನೆಯ ಒಂದು ಅಂಕಿ ಮಾತ್ರ ಬೇರೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ, ಅದು ತಾಳೆ ನೋಡುವ ಅಂಕಿ, ದಾಖಲೆಗಳಲ್ಲಿ ಸೊನ್ನೆ ಎಂದು ಬರುವುದುಂಟು. ಉಳಿದ 14ರಲ್ಲಿ ವ್ಯತ್ಯಾಸ ಇದ್ದರೆ ಮಾತ್ರ ವಿಷಯ ಬೇರೆ. ಆಗ ನಿಮ್ಮ ನಂಬರ್ ಇನ್ನೊಂದು ಫೋನಿನಲ್ಲಿ ಓಡಿದೆ ಎಂದಾಗುತ್ತದೆ. ಬಿಲ್ಲಿನ ಮಾತು ಬಿಟ್ಟು ಮೊದಲು ಆ ಸಿಮ್ ಬಂದ್ ಮಾಡಿಸಿ.

ಪತ್ರದ ಜೊತೆ ಡೇಟಾ ಯೂಸೇಜ್ ಪುಟದ ಸ್ಕ್ರೀನ್‌ಶಾಟ್ ಇಡಿ. ಬಿಲ್ಲಿನ ಆ 100 ಕೆಬಿ ಸಾಲುಗಳ ಮೊತ್ತವನ್ನೂ, ನಿಮ್ಮ ಫೋನ್ ಆ ದಿನದ ಲೆಕ್ಕ ತೋರಿಸಿದರೆ ಆ ಮೊತ್ತವನ್ನೂ ಅಕ್ಕಪಕ್ಕ ಬರೆದು ಕಳಿಸಿ. 340 ಎಂಬಿಯ ದುಡ್ಡು ವಾಪಸ್ ಬರುವುದು ಕಷ್ಟ, ಅದು ನಿಜವಾಗಿ ಹೋದ ಡೇಟಾ. ಏರಿಸಿ ಬರೆದ ಸಾಲುಗಳ ವಿಷಯದಲ್ಲಿ ಕೇಳುವ ಜಾಗ ನಿಮಗಿದೆ.